ಮೊಗುಲಮ್ಮನ ಹಾಜರಿ

ಸರ್ಕಾರದ ಕಾಗದವನ್ನು ನಂಬುವುದಾದರೆ ನರೇಂದರ್ ಮೊಗುಲಮ್ಮನಿಗೆ ಮಗನಲ್ಲ, ಮೈದುನ. ನಗುವವರು ನಗಲಿ. ನಕ್ಕವರಿಗೆಲ್ಲ ಅವಳು ಕೊಡುವ ಉತ್ತರ ಒಂದೇ: "ಬದ್ಲಿ ಹೋದಾಕಿ ನಾನs. ಹಡದದ್ದೇನು ಬದ್ಲಿ ಅಲ್ರಿ."

ಗುಂಡುಮಾಲ್ ಕಡೆಯಿಂದ ಧರೂರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದ ವರ್ಷವೇ ನಡೆದ ಕತೆ ಅದು. ಅತ್ತೆ ಪೆಂಟಮ್ಮನ ಹೆಸರು ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಬಿದ್ದಿತ್ತು. ಯಾವುದೋ ದೂರದ ರಾಜ್ಯದಲ್ಲಿ ಡ್ಯಾಮಿನ ಕೆಲಸ. ಲಾರಿ ಹೊರಡುವ ಹೊತ್ತಿಗೆ ಪೆಂಟಮ್ಮ ಜ್ವರ ಬಂದು ಮಲಗಿದಳು. ಮೇಸ್ತ್ರಿಗೆ ಬೇಕಾದದ್ದು ಪೆಂಟಮ್ಮನಲ್ಲ, ಮಣ್ಣು ಹೊರುವ ಒಂದು ತಲೆ. "ಸೊಸಿ ಅದಾಳಲ್ಲ, ಹತ್ತಸ್ರಿ" ಅಂದ. ಗಂಡ ಕಿಷ್ಟಪ್ಪನ ಜೊತೆ ಹೊಸ ಸೊಸೆ ಲಾರಿ ಹತ್ತಿದಳು. ಅಲ್ಲಿ ದಿನಾ ಬೆಳಿಗ್ಗೆ "ಪೆಂಟಮ್ಮ" ಎಂದು ಕೂಗಿದಾಗ ಮೊಗುಲಮ್ಮ "ಹಾಜರ್" ಅನ್ನುತ್ತಿದ್ದಳು. ಮಗು ಹುಟ್ಟಿದ್ದೂ ಅಲ್ಲೇ. ಗುಮಾಸ್ತ ಹಾಜರಿ ಪುಸ್ತಕ ನೋಡಿ ಬರೆದುಕೊಂಡ: ತಾಯಿ ಪೆಂಟಮ್ಮ, ತಂದೆ ನಾಗಯ್ಯ. ನಾಗಯ್ಯ ಅವಳ ಮಾವ. ಓದಲು ಬರದ ಗಂಡ ಹೆಂಡತಿ ಆ ಕಾಗದವನ್ನು ಭಕ್ತಿಯಿಂದ ಮಡಚಿ ಊರಿಗೆ ತಂದರು. ಅದನ್ನು ನೋಡಿ ಶಾಲೆಯವರು ಬರೆದುಕೊಂಡರು, ಶಾಲೆಯದನ್ನು ನೋಡಿ ಉಳಿದವರೆಲ್ಲ ಬರೆದುಕೊಂಡರು. ತಿದ್ದಿಸಲು ಓಡಾಡಿ ಚಪ್ಪಲಿ ಸವೆದವೇ ಹೊರತು ಹೆಸರು ಬದಲಾಗಲಿಲ್ಲ.

ಆಮೇಲೂ ಅವಳು ದುಡಿದಳು. ಗದ್ವಾಲ ಸುತ್ತಿನ ಹೊಲಗಳಲ್ಲಿ ಹತ್ತಿಬೀಜದ ಕೆಲಸ ಹಿಡಿದಳು, ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ತಾನೇ ಮೇಸ್ತ್ರಿಯಾದಳು. ಕಿಷ್ಟಪ್ಪ ತೀರಿಕೊಂಡ ಮೇಲೆ ಮಗನನ್ನು ಒಬ್ಬಳೇ ಓದಿಸಿದಳು. ಆದರೂ ಮೊಗುಲಮ್ಮ ಎಂಬ ಹೆಂಗಸು ಈ ಭೂಮಿಯ ಮೇಲೆ ದುಡಿದಳೆಂದು ಎಲ್ಲಿಯೂ ಒಂದಕ್ಷರ ಬರೆದಿರಲಿಲ್ಲ. ಆ ಹೊರದೇಶದ ಕಂಪನಿ ಬರುವವರೆಗೆ.

ಆ ಕಂಪನಿಗೆ ನಮ್ಮ ನೆಲದಲ್ಲಿ ಬೀಜ ಬೆಳೆಯಬೇಕಿತ್ತು. ಆದರೆ ಇಲ್ಲಿ ಕಚೇರಿ ತೆರೆಯುವುದು, ಆಳುಗಳನ್ನು ಹುಡುಕುವುದು, ಸಂಬಳ, ರಜೆ, ವಿಮೆ, ಕಾನೂನು ಎಂದು ತಲೆ ಕೆಡಿಸಿಕೊಳ್ಳುವುದು ಯಾವುದೂ ಬೇಕಿರಲಿಲ್ಲ. ಅದನ್ನೆಲ್ಲ ಹೈದರಾಬಾದಿನ ಒಂದು ಸಂಸ್ಥೆಗೆ ವಹಿಸಿತು. ಪರದೇಶದಿಂದ ಬರುವ ಕಂಪನಿಗಳಿಗೆ ಆಳು ಹುಡುಕಿ ಕೊಟ್ಟು, ತನ್ನ ಹೆಸರಿನಲ್ಲೇ ನೇಮಿಸಿಕೊಂಡು, ಸಂಬಳ ಹಂಚುವುದೇ ಆ ಸಂಸ್ಥೆಯ ಕಸುಬು. ಅಂದರೆ ಮೇಸ್ತ್ರಿಗೆ ಕೋಟು ತೊಡಿಸಿದ ಹಾಗೆ. ಈ ಕಡೆಯ ಉಸ್ತುವಾರಿಗೆ ಅದು ಇಟ್ಟದ್ದು ಮಕ್ತಲ್‌ನ ವಿಜಯ್ ಎಂಬ ಹುಡುಗನನ್ನು. ಒಳ್ಳೆಯವನೇ, ಆದರೆ ಫೋನು ಗುಂಯ್ ಅಂದರೆ ಬೆಚ್ಚಿ ಬೀಳುವ ಜಾತಿ.

ನಾರಾಯಣಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಕೆಲಸಕ್ಕೆ ಸೇರಿದವರನ್ನೆಲ್ಲ ಕೂರಿಸಿ ವಿಜಯ್ ವಿವರಿಸಿದ. ಮೊಗುಲಮ್ಮ ಕೈ ಎತ್ತಿದಳು.

"ಹಂಗಂದ್ರ ನಮ್ಮ ಮಾಲಕ ಯಾರ್ರಿ?"

"ಬೀಜ ಅವರ್ದು, ಕೆಲಸ ಅವರ್ದು. ಕಾಗದದ ಮ್ಯಾಲ ಮಾಲಕರು ನಾವು."

"ಹೊಲದಾಗ ಏನಾರ ಆತಂದ್ರ ಯಾರ್ನ ಕೇಳಬೇಕು?"

"ನನಗ ಫೋನ್ ಹಚ್ರಿ ಅಮ್ಮಾ" ಅಂದ ವಿಜಯ್. ಅಷ್ಟಕ್ಕೇ ಅವನ ಹಣೆ ಬೆವತಿತ್ತು.

ಆಮೇಲೆ ಕಾರ್ಡು ಹಂಚಿದರು. ಫೋಟೊ, ಹೆಸರು, ಕೆಳಗೊಂದು ಚೌಕದ ಗುರುತು. ಗುಂಪಿನ ಟೀಮ್ ಲೀಡರ್ ಆದ ಮೊಗುಲಮ್ಮ ಬೆಳಿಗ್ಗೆ ಸಂಜೆ ಒಬ್ಬೊಬ್ಬರ ಗುರುತಿಗೆ ಫೋನು ಹಿಡಿದರೆ ಹಾಜರಿ ನೇರ ಹೈದರಾಬಾದಿಗೆ ಹೋಗುತ್ತದೆ. ವಿಜಯ್ ಒಂದು ಮಾತನ್ನು ಒತ್ತಿ ಹೇಳಿದ: ಒಬ್ಬರ ಕಾರ್ಡು ಇನ್ನೊಬ್ಬರ ಕೊರಳಲ್ಲಿ ಕಂಡರೆ ಅವರೊಬ್ಬರಲ್ಲ, ಇಡೀ ಗುಂಪೇ ಮನೆಗೆ. ಎಲ್ಲರೂ "ಆಗ್ಲಿ ಸಾರ್" ಎಂದು ತಲೆದೂಗಿದರು. ಪುರಾಣ ಕೇಳುವಾಗಲೂ ನಮ್ಮವರು ಹೀಗೆಯೇ ತಲೆದೂಗುತ್ತಾರೆ.

ಕಾರ್ಡು ಕೊಡಲು "ಮೊಗುಲಮ್ಮ" ಎಂದು ಕೂಗಿದಾಗ ಅವಳು ಕೂತಲ್ಲೇ ಕೂತಿದ್ದಳು. ಪಕ್ಕದವರು ತಿವಿದ ಮೇಲೆ ದಡಬಡಿಸಿ ಎದ್ದು "ಹಾಜರ್!" ಎಂದು ಎಷ್ಟು ಜೋರಾಗಿ ಕೂಗಿದಳೆಂದರೆ ಮಂಟಪವೆಲ್ಲ ನಕ್ಕಿತು. ಅವಳಿಗೆ ನಾಚಿಕೆಯಾಗಲಿಲ್ಲ, ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಅಂದಿನಿಂದ ಸಂತೆಗೂ ಅದೇ ಕಾರ್ಡು, ಮದುವೆಗೂ ಅದೇ ಕಾರ್ಡು. ಕಿಷ್ಟಪ್ಪ ಕಟ್ಟಿದ ತಾಳಿಗಿಂತ ಅದನ್ನೇ ಹೆಚ್ಚು ಸಲ ಒರೆಸುತ್ತಾಳೆ ಎಂದು ಊರು ಆಡಿಕೊಂಡಿತು.

ಬೀಜದ ಹತ್ತಿಯ ಕೆಲಸ ಹೂವಿನ ಮರ್ಜಿಯಂತೆ ನಡೆಯುವುದು. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಉಗುರಿನಿಂದ ಬಿಡಿಸಿ, ಗಂಡು ಭಾಗ ತೆಗೆದು, ಕೆಂಪು ಕಾಗದದ ಟೋಪಿ ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸಬೇಕು. ಒಂದು ದಿನ ಬಿಟ್ಟರೆ ಆ ಸಾಲಿನ ಬೀಜವೇ ಕೆಟ್ಟಂತೆ. ಅದಕ್ಕೇ ಇಲ್ಲಿ ಸಾಲು ಆಳಿನದಲ್ಲ, ಮನೆಯದು. ಅತ್ತೆಗೆ ಆಗದಿದ್ದರೆ ಸೊಸೆ, ಅಕ್ಕನಿಗೆ ಆಗದಿದ್ದರೆ ತಂಗಿ. ಮನೆಯ ಸಾಲಿಗೆ ಮನೆಯವರೇ ಬದ್ಲಿ. ಇದು ಮೋಸವೆಂದು ಯಾರಿಗೂ ಹೊಳೆದಿರಲಿಲ್ಲ; ಸಾಲು ಖಾಲಿ ಬಿಡುವುದೇ ಅವರ ಪಾಲಿಗೆ ಮೋಸ.

ಒಂದು ದಿನ ಗುಂಪಿನ ಝಾನ್ಸಿ ಬಂದಿರಲಿಲ್ಲ. ಕೋಸಗಿಯಲ್ಲಿ ಅವಳ ತಾಯಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಅವಳ ಬದಲು ನೆಗೆಣ್ಣಿ ಶಿರಿಷಾ ಬಂದಳು. ಒಂದೇ ಮನೆಯ ಸೊಸೆಯರು ಇಬ್ಬರೂ. ಶಿರಿಷಾಳ ಕೊರಳಲ್ಲಿ ಝಾನ್ಸಿಯ ಕಾರ್ಡು ತೂಗುತ್ತಿತ್ತು. ಮೊಗುಲಮ್ಮ ಕಂಡಳು. ವಿಜಯ್ ಒತ್ತಿ ಹೇಳಿದ್ದು ನೆನಪಾಯಿತು. ಹೂವು ಕಾಯುವುದಿಲ್ಲವಲ್ಲ ಎಂದುಕೊಂಡು ಕಾರ್ಡಿಗೆ ಫೋನು ಹಿಡಿದಳು. "ಝಾನ್ಸಿ, ಹಾಜರ್" ಎಂದು ಕೂಗಿತು ಫೋನು.

ಮಧ್ಯಾಹ್ನ ಎದೆ ಮಟ್ಟದ ಹತ್ತಿಗಿಡಗಳ ನಡುವೆ ಶಿರಿಷಾ ಕಿರುಚಿದಳು. ಅವಳ ಕಾಲಿಗೆ ಕಚ್ಚಿದ ಕೊಳಕುಮಂಡಲ ಹಾವು ಸರಿದು ಹೋದದ್ದನ್ನು ಮೊಗುಲಮ್ಮ ಕಣ್ಣಾರೆ ಕಂಡಳು. "ರಕ್ತಪಿಂಜರ! ಆಟೊ ಕರೀರೆ!" ಎಂದು ಕೂಗುತ್ತಾ ಓಡಿದಳು. ಗದ್ವಾಲದ ದಾರಿಯಲ್ಲಿ ಆಟೊ ಕುಣಿಯುತ್ತಿತ್ತು. ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಹುಡುಗಿ ಮೊಗುಲಮ್ಮನ ಸೆರಗು ಎಳೆದಳು.

"ಅಮ್ಮಾ, ಯಾರಿಗೂ ಹೇಳಿಲ್ಲ ನಾ. ಮೂರು ತಿಂಗ್ಳೈತಿ. ಎರಡು ಸಲ ಹೋಗೇತಲ್ಲ, ಅದಕ್ಕs ಅತ್ತಿಗೂ ಹೇಳಿಲ್ಲ. ಇದೂ ಹೋಗ್ತೈತೇನ್ರಿ?"

"ಹುಚ್ಚಿ, ಹೋಗಲ್ಲ. ಸುಮ್ನ ಇರು" ಅಂದಳು ಮೊಗುಲಮ್ಮ. ಹೇಳಿದ ಬಾಯಿಗೇ ನಂಬಿಕೆಯಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕೊರಳಿನ ಕಾರ್ಡು ಎಲ್ಲ ಕೆಲಸವನ್ನೂ ತಾನೇ ಮಾಡಿತು. ಅದರ ಗುರುತಿಗೆ ಯಂತ್ರ ಹಿಡಿದ ಕೂಡಲೇ ವಿಮೆ ಕಂಡಿತು, ಹೆಸರು ಕಂಡಿತು, ಕೆಲಸಕ್ಕೆ ಸೇರುವಾಗ ಮಾಡಿಸಿದ ಆರೋಗ್ಯ ತಪಾಸಣೆಯೂ ಕಂಡಿತು. ಫೋಟೊದ ಮುಖ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ, ಹುಡುಗಿಯನ್ನು ಒಳಗೆ ಒಯ್ದರು. ಅಷ್ಟರಲ್ಲಿ ಅವಳು ಎಚ್ಚರ ತಪ್ಪುತ್ತಿದ್ದಳು, ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಡಾಕ್ಟರು ವಿಷದ ಮದ್ದು ಏರಿಸಲು ಹೇಳಿ, ಬಸುರಿಯೇನು ಕೇಳಿ ಎಂದರು. ನರ್ಸು ಕಂಪ್ಯೂಟರ್ ನೋಡಿ ಹೇಳಿದಳು: "ಇಲ್ಲ ಸಾರ್, ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ." ಆಪರೇಷನ್ ಆದದ್ದು ಝಾನ್ಸಿಗೆ. ಬಾಗಿಲ ಬಳಿ ನಿಂತ ಮೊಗುಲಮ್ಮ ಒಳಗೆ ಹೆಜ್ಜೆಯಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ಪರದೆ ಎಳೆದರು.

ವಿಜಯ್ ಮಕ್ತಲ್‌ನಿಂದ ಬೈಕಿನಲ್ಲಿ ಧೂಳು ಮೆತ್ತಿಕೊಂಡು ಬಂದ. ಪರದೆ ಸರಿಸಿ ಹಾಸಿಗೆ ನೋಡಿದ, ಮಲಗಿದವಳು ಝಾನ್ಸಿಯಲ್ಲ. ಝಾನ್ಸಿಯ ಕಾರ್ಡಿನ ಫೋಟೊ ತೆಗೆದವನು ಅವನೇ. ಮೊಗುಲಮ್ಮನನ್ನು ಅಂಗಳಕ್ಕೆ ಕರೆದ.

"ಯಾರ್ರಿ ಆಕಿ?"

"ನಿನಗ ಗೊತ್ತಾತಲ್ಲ."

"ನನಗೇನೂ ಗೊತ್ತಿಲ್ಲ! ಕಾರ್ಡಿನ್ಯಾಗ ಏನೈತಿ ಅದನ್ನs ಹೇಳ್ರಿ. ಹೈದರಾಬಾದಿನವ್ರು ಕೇಳಾಕ ಹತ್ಯಾರ, ಅವರ್ನ ಹೊರದೇಶದವ್ರು ಕೇಳ್ತಾರ. ಬದ್ಲಿ ಅಂತ ಗೊತ್ತಾತಂದ್ರ ನಿಮ್ದೂ ಹೋತು, ನಂದೂ ಹೋತು. ನಾನೂ ಗುತ್ತಿಗಿಯವನs ಅಮ್ಮಾ. ಹೆಂಗೂ ಸೂಜಿ ಒಂದs, ಹೆಸ್ರು ಯಾವುದಾದ್ರೇನು?"

ಗೇಟಿನ ಹೊರಗೆ ಗುಂಪಿನ ಹೆಂಗಸರು ಬಂದು ಕೂತಿದ್ದರು. ಇಬ್ಬರು ಸೊಸೆಯರ ಅತ್ತೆ ಸುಗುಣಮ್ಮ ಮೊಗುಲಮ್ಮನ ಎರಡೂ ಕೈ ಹಿಡಿದಳು. "ಮನ್ಯಾಗಿನ ಮಾತು ಮನ್ಯಾಗs ಇರ್ಲಿ ಅಕ್ಕಾ. ಝಾನ್ಸಿ ಕೆಲಸ ಹೋದ್ರ ನಾವು ಮಣ್ಣು ತಿನ್ನಬೇಕು. ಸಣ್ಣಾಕಿ ಬದುಕ್ತಾಳ, ಡಾಕ್ಟರು ಹೇಳ್ಯಾರ." ಹೆಂಗಸರು ಎದ್ದು ಸುತ್ತ ನಿಂತರು. ಎಲ್ಲರ ಕೊರಳಲ್ಲೂ ಕಾರ್ಡು, ಎಲ್ಲರ ಕಣ್ಣೂ ಮೊಗುಲಮ್ಮನ ಮೇಲೆ.

ಅತ್ತ ದರಿ, ಇತ್ತ ಪುಲಿ. ಅವಳ ಬೆರಳು ತಾನಾಗಿ ಎದೆಯ ಮೇಲಿನ ಕಾರ್ಡನ್ನು ಹಿಡಿಯಿತು. ಈ ವಯಸ್ಸಿಗೆ ಸಿಕ್ಕ ಹೆಸರು. ಸೂಜಿ ಒಂದೇ ಎನ್ನುತ್ತಾನಲ್ಲ ವಿಜಯ್, ಓದಿದವನು, ಸುಮ್ಮನಿದ್ದರೇನಂತೆ? ಯಾರಿಗೂ ಗೊತ್ತಿಲ್ಲದ ಬಸುರು, ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದ ಕೂಡಲೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಡ್ಯಾಮಿನ ತಗಡಿನ ಗುಡಿಸಲಲ್ಲಿ ತಾನು ಹೆರಿಗೆ ನೋವು ತಿನ್ನುವಾಗ ಹೊರಗಿನಿಂದ ಗುಮಾಸ್ತ "ಪೆಂಟಮ್ಮ, ತಡಕೋ" ಎಂದು ಕೂಗುತ್ತಿದ್ದ. ಆ ಹೊತ್ತಿನಲ್ಲೂ ಅವಳು "ಹೂಂ" ಅಂದಿದ್ದಳು.

ಅಷ್ಟರಲ್ಲಿ ನರ್ಸು ಹೊರಗೆ ಬಂದು ಸುಗುಣಮ್ಮನನ್ನು ಕೇಳಿದಳು: "ಸೊಸೆಗೆ ಕೆಳಗೆ ರಕ್ತ ಹೋಗ್ತಿದೆ. ಮುಟ್ಟಿನ ದಿನವಾ?" ಸುಗುಣಮ್ಮ ಗೊತ್ತಿಲ್ಲದಿದ್ದರೂ ಹೌದೆಂದು ತಲೆಯಾಡಿಸಿದಳು. "ಹಾಗಾದರೆ ಅದೇ ಇರಬೇಕು" ಎಂದು ನರ್ಸು ತಿರುಗಿದಳು.

ಮೊಗುಲಮ್ಮ ಅವಳಿಗಿಂತ ಮುಂಚೆ ಒಳಗಿದ್ದಳು. ತಡೆಯಲು ವಿಜಯ್ ಹಿಡಿದ ಸೆರಗು ಹರಿಯಿತು. ಪರದೆ ಕಿತ್ತು ಸರಿಸಿ ಡಾಕ್ಟರ ಎದುರು ನಿಂತಳು.

"ಸಾರ್, ಈಕಿ ಬಸುರಿ. ಮೂರು ತಿಂಗ್ಳು."

"ಏನಮ್ಮ ನೀನು! ಆಪರೇಷನ್ ಆದವಳು ಬಸುರಿ ಹೇಗಾಗ್ತಾಳೆ?"

"ಆಪರೇಷನ್ ಆದಾಕಿ ಝಾನ್ಸಿ. ಈಕಿ ಝಾನ್ಸಿ ಅಲ್ರಿ, ಶಿರಿಷಾ. ಕಾರ್ಡು ಸುಳ್ಳು. ಹಾಜರಿ ಹಾಕಿದಾಕಿ ನಾ."

ಡಾಕ್ಟರು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಬೈಯುತ್ತಲೇ ಅವರ ಕೈ ಓಡುತ್ತಿತ್ತು. ರಕ್ತ ತರಿಸಲು ಹೇಳಿದರು, ಕರ್ನೂಲಿಗೆ ಫೋನು ಮಾಡಿ ಹೆರಿಗೆ ಡಾಕ್ಟರನ್ನು ಸಿದ್ಧವಾಗಿರಲು ಹೇಳಿದರು, ಆಂಬುಲೆನ್ಸ್ ಬಾಗಿಲಿಗೆ ಬಂತು. ಬಸುರಿ ಎಂಬ ಮಾತು ಕಿವಿಗೆ ಬಿದ್ದು ಸುಗುಣಮ್ಮ ಬಾಗಿಲಿಗೆ ಓಡಿ ಬಂದಳು. "ನನಗs ಹೇಳ್ಲಿಲ್ಲಲ್ಲೇ" ಎಂದು ಹಣೆ ಹಣೆ ಬಡಿದುಕೊಂಡಳು.

ಹಾಸಿಗೆಯ ಪಟ್ಟಿಯಲ್ಲಿ ನರ್ಸು ಹಳೆಯ ಹೆಸರು ಹೊಡೆದು ಹಾಕಿ ಶಿರಿಷಾ ಎಂದು ಬರೆದಳು. "ಮಾಹಿತಿ ಕೊಟ್ಟವರ ಹೆಸರು?" ಎಂದು ಕೇಳಿದಳು.

"ಮೊಗುಲಮ್ಮ."

ಹೊರಗೆ ವಿಜಯ್ ಗೋಡೆಗೆ ಒರಗಿ ಅಳುತ್ತಿದ್ದ. ಅವನ ಫೋನು ಗುಂಯ್ ಗುಂಯ್ ಎನ್ನುತ್ತಲೇ ಇತ್ತು. ಮೊಗುಲಮ್ಮ ಕಾರ್ಡು ತೆಗೆದು ಅವನ ಅಂಗೈಯಲ್ಲಿಟ್ಟಳು. "ತಗೋ ಮಗಾ. ಫೋಟೊ ನಂದs, ಹೆಸ್ರು ನಂದs. ತಪ್ಪೂ ನಂದs ಅಂತ ಹೇಳು. ನಿನ್ನ ಹೆಸ್ರು ನಾ ತಗಿಯಂಗಿಲ್ಲ."

ವಾರದೊಳಗೆ ಇಡೀ ಗುಂಪಿಗೆ ಮೆಸೇಜು ಬಂತು, ಕೆಲಸ ಮುಗಿಯಿತೆಂದು. ಯಾರನ್ನು ಕೇಳುವುದು? ಹೈದರಾಬಾದಿನವರು ಅದು ಹೊರದೇಶದ ಕಂಪನಿಯ ನಿಯಮ ಎಂದರು. ಹೊರದೇಶದವರು ಆಳುಗಳ ವಿಷಯ ಹೈದರಾಬಾದಿನವರದು ಎಂದರಂತೆ. ವಿಜಯ್ ಹೇಗೋ ಉಳಿದುಕೊಂಡ. ಮೊಗುಲಮ್ಮ ಎದುರು ಬಂದರೆ ಬೈಕು ತಿರುಗಿಸಿ ಬೇರೆ ದಾರಿ ಹಿಡಿಯುತ್ತಿದ್ದ. ಹೆಂಗಸರು ಮೊಗುಲಮ್ಮನೊಡನೆ ಮಾತು ಬಿಟ್ಟರು. ಝಾನ್ಸಿ ನಳದ ಬಳಿ ಅವಳನ್ನು ಕಂಡರೆ ಕೊಡ ಎತ್ತಿಕೊಂಡು ಹೊರಡುತ್ತಿದ್ದಳು. ಆ ಸಿಟ್ಟು ನ್ಯಾಯವೇ ಎಂದು ಮೊಗುಲಮ್ಮನಿಗೂ ಗೊತ್ತಿತ್ತು, ಗೊತ್ತಿದ್ದರೂ ಎದೆ ಉರಿಯುತ್ತಿತ್ತು. ಅವಳು ಮತ್ತೆ ಜುರಾಲಾ ಕಾಲುವೆಯ ಕಡೆ ಭತ್ತ ನಾಟಿಗೆ ಹೋದಳು. ಅಲ್ಲಿ ಹೆಸರು ಕೇಳುವವರಿಲ್ಲ, ತಲೆ ಎಣಿಸುತ್ತಾರೆ.

ಯುಗಾದಿ ಹತ್ತಿರವಾದಾಗ ಒಂದು ಸಂಜೆ ಸುಗುಣಮ್ಮ ಬಾಗಿಲಲ್ಲಿ ನಿಂತಳು. ಕರೆಯುವ ಮೊದಲೇ ಒಳಗೆ ಬಂದು ಕೂತಳು, ಎಲೆಯಡಿಕೆಯ ಚೀಲದಿಂದ ಮಡಚಿದ ಕಾಗದ ತೆಗೆದಳು.

"ಹೆಣ್ಣು ಹುಟ್ಟೇತಿ. ತಾಯಿ ಮಗಳು ಇಬ್ರೂ ಆರಾಮದಾರ. ಇದು ಆಸ್ಪತ್ರಿಯವ್ರು ಕೊಟ್ಟದ್ದು. ನಮಗ ಓದಾಕ ಬರಂಗಿಲ್ಲ. ಬರೋಬ್ಬರಿ ಬರದಾರೇನು ನಿನ್ನ ಮಗನ ಕಡಿಂದ ನೋಡಸಕ್ಕಾ. ನಿನಗs ಗೊತ್ತಲ್ಲ ಇದರ ತ್ರಾಸು."

ನರೇಂದರ್ ಕಾಗದ ಬಿಡಿಸಿ ದೀಪದ ಕೆಳಗೆ ಹಿಡಿದ. "ಹೆಣ್ಣು ಮಗು. ತಾಯಿ, ಶಿರಿಷಾ" ಎಂದು ಓದಿದ.

ಮೊಗುಲಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದಳು. ಅಕ್ಷರ ಗೊತ್ತಿಲ್ಲದ ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

"ಇನ್ನೊಂದ್ಸಲ ಓದು" ಅಂದಳು.

ಕಾಗದದ ಮೇಲೆ ಅವಳ ಮೈದುನನಾಗಿರುವ ಮಗ ಇನ್ನೊಮ್ಮೆ ಓದಿದ.