ಎಂಟನೆಯ ಲೇನಿನ ಮೇಸ್ತ್ರಿ

ಮೇಸ್ತ್ರಿಗಳ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ಒಂದೂವರೆ ಪಟ್ಟು ದಪ್ಪಗಿತ್ತು. ಗೆಣ್ಣಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಜಡ್ಡು, ಉಗುರು ಕಪ್ಪು. ನಲವತ್ತು ವರ್ಷ ಬೌಲಿಂಗ್ ಚೆಂಡಿನ ತೂತಿನಲ್ಲಿ ತುರುಕಿ ತುರುಕಿ ಆ ಬೆರಳು ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದಂತೆ ಕಾಣುತ್ತಿತ್ತು. ಹೊಸಬರೆದುರು ಮಾತಾಡುವಾಗ ಅದನ್ನು ಎಡಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದರು.

ಗಂಡನ ಕಂಪನಿ ಕೆಲಸಕ್ಕೆಂದು ಮೈಸೂರಿನಿಂದ ನೈರೋಬಿಗೆ ಬಂದ ಮೊದಲ ವರ್ಷ ನನಗೆ ಮಾತಿಗೆ ಜನವಿರಲಿಲ್ಲ. ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಒಂದು ಬುಧವಾರ ಮಧ್ಯಾಹ್ನ ಜೊತೆಯ ಟೀಚರೊಬ್ಬರು, ಉದ್ದನೆಯ ಮರದ ಲೇನಿನ ಮೇಲೆ ಭಾರದ ಚೆಂಡು ಉರುಳಿಸಿ ಕೊನೆಯಲ್ಲಿ ನಿಂತ ಹತ್ತು ಪಿನ್ನು ಬೀಳಿಸುವ ಹಳೆಯ ಬೌಲಿಂಗ್ ಹಾಲಿಗೆ ಕರೆದುಕೊಂಡು ಹೋದರು. ಅಲ್ಲಿ ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುವುದನ್ನು ಕೇಳಿ, ಪಿನ್ ನಿಲ್ಲಿಸುವ ಯಂತ್ರದ ಹಿಂದಿನಿಂದ ಗ್ರೀಸು ಮೆತ್ತಿದ ಹಿರಿಯರೊಬ್ಬರು ಹೊರಗೆ ಬಂದರು. ಆ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಮೇಸ್ತ್ರಿ ಅವರೇ.

"ಎಂತಮ್ಮ, ನಿಮ್ಮದು ಯಾವ ಊರು?"

ಮಂಗಳೂರು ಕಡೆಯ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ಕೆಟ್ಟ ಯಂತ್ರವನ್ನು ಬೈಯಲು ತುಳು, ನನ್ನ ಹತ್ತಿರ ಕನ್ನಡ. ಅಂದಿನಿಂದ ಬುಧವಾರ ನನಗೆ ತಪ್ಪಲಿಲ್ಲ. ಚೆಂಡು ಹಿಡಿಯುವುದನ್ನು ಕಲಿಸಿದರು. ಅದಕ್ಕಿಂತ ಹೆಚ್ಚಾಗಿ ಕೇಳುವುದನ್ನು ಕಲಿಸಿದರು. ಲೇನಿಗೆ ಬೆನ್ನು ಹಾಕಿ ಶೂಗಳಿಗೆ ಪೌಡರ್ ಉದುರಿಸುತ್ತಲೇ, "ಆರನೇ ಲೇನಲ್ಲಿ ಎರಡು ಪಿನ್ ನಿಂತಿವೆ," ಅನ್ನುವರು. ತಿರುಗಿ ನೋಡಿದರೆ ಎರಡೇ. "ಕಣ್ಣು ಮೋಸ ಮಾಡ್ತದೆ ಟೀಚರೇ. ಕಿವಿ ಮಾಡುದಿಲ್ಲ."

ಹೊರದೇಶದ ವೃತ್ತಿಪರ ಆಟಗಾರರು ಬಂದು ಪ್ರದರ್ಶನ ಆಟ ಆಡಿಹೋದ ದಿನಗಳನ್ನು ಅವರು ಹಬ್ಬದಂತೆ ನೆನೆಯುತ್ತಿದ್ದರು. "ಇಸ್ತ್ರಿ ಮಾಡಿದ ಪ್ಯಾಂಟು, ಬಾಚಿದ ತಲೆ. ಹತ್ತು ಪಿನ್ನೂ ಬಿದ್ದರೆ ತಿರುಗಿ ಬಂದು ಟವೆಲಲ್ಲಿ ಕೈ ಒರೆಸುದು, ಅಷ್ಟೇ. ಈಗ ಮೂರು ಬಿದ್ದರೆ ಮೂವತ್ತು ಸೆಲ್ಫಿ ಮಾರಾಯ್ರೇ!" ಅವರೂ ಒಂದು ಕಾಲದಲ್ಲಿ ಊರಿನ ಚಾಂಪಿಯನ್. ಒಮ್ಮೆ ಫೈನಲಿನ ಕೊನೆಯ ಎಸೆತದಲ್ಲಿ ಅವರ ಕಾಲು ಗೆರೆ ದಾಟಿತಂತೆ. ತಪ್ಪು ತೋರಿಸುವ ದೀಪ ಅಂದು ಕೆಟ್ಟಿತ್ತು, ಯಾರೂ ನೋಡಲಿಲ್ಲ. ಇವರೇ ಕೈಯೆತ್ತಿ "ಫೌಲ್" ಎಂದು ಕಪ್ ಬಿಟ್ಟುಕೊಟ್ಟರು. ಇದನ್ನು ನನಗೆ ಹೇಳಿದವರು ಆ ಕಪ್ ಗೆದ್ದವರು.

ಜೋಡಿ ಆಟದಲ್ಲಿ ಹೆಂಡತಿಯೇ ಮೇಸ್ತ್ರಿಗಳ ಜೊತೆಗಾರ್ತಿ, ಎಂಟನೆಯ ಲೇನು ಅವರಿಬ್ಬರದು. ಆಕೆ ಆಡುತ್ತಿದ್ದುದು ಎಡಗೈಯಲ್ಲಿ. ಚೆಂಡು ಎಷ್ಟು ನಿಧಾನವೆಂದರೆ ಅದು ಪಿನ್ ಮುಟ್ಟುವಷ್ಟರಲ್ಲಿ ನೋಡುವವರು ಒಂದು ಗುಟುಕು ಚಹಾ ಕುಡಿದಿಡಬಹುದಿತ್ತಂತೆ. ನಾನು ಈ ಊರಿಗೆ ಬರುವ ಮೊದಲೇ ಆಕೆ ತೀರಿಕೊಂಡಿದ್ದರು. ಇಬ್ಬರೂ ಆಡುತ್ತಿದ್ದ ಸಂಜೆ ನಾಲ್ಕರ ಹೊತ್ತಿಗೆ ಎಂಟನೆಯ ಲೇನನ್ನು ಮೇಸ್ತ್ರಿಗಳು ಯಾರಿಗೂ ಕೊಡುತ್ತಿರಲಿಲ್ಲ. ಕೇಳಿದರೆ "ರಿಪೇರಿ ಉಂಟು" ಅನ್ನುವರು.

ಕೆಲವು ವರ್ಷಗಳ ಹಿಂದೆ ಹಾಲ್ ಮುಚ್ಚಿತು. ಯಂತ್ರಗಳು ಗುಜರಿಗೆ ಹೋದವು. ಲೇನಿನ ಮರದ ಹಲಗೆಗಳನ್ನೂ ಕಿತ್ತುಕೊಂಡು ಹೋದರು. ಕಟ್ಟಡ ಕೆಡವುವುದೊಂದು ಬಾಕಿ. ಆದರೂ ಮೇಸ್ತ್ರಿಗಳು ದಿನಾ ಮಟಾಟು ವ್ಯಾನು ಹತ್ತಿ ಅಲ್ಲಿಗೆ ಹೋಗಿ ಕೂತುಬರುತ್ತಿದ್ದರು. ಅವರ ಮಗಳು ನೈರೋಬಿಯಲ್ಲೇ ಹುಟ್ಟಿ ಬೆಳೆದ ಡಾಕ್ಟರು. ಒಂದು ದಿನ ನಮ್ಮ ಮನೆಗೆ ಬಂದಳು. ಕನ್ನಡ ತಿಳಿಯುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ; ಆಕೆಯ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಹೇಳುತ್ತಿದ್ದೇನೆ.

"ಆಂಟಿ, ಅಮ್ಮ ಅಲ್ಲಿ ಆಡ್ತಾ ಇದಾಳೆ, ಚೆಂಡಿನ ಸದ್ದು ಕೇಳತ್ತೆ ಅಂತಾರೆ ಡ್ಯಾಡ್. ನಾನು ಹೇಳಿದರೆ ಕೇಳಲ್ಲ. ನೀವೊಮ್ಮೆ ಜೊತೆಗೆ ಹೋಗಿ, ಏನೂ ಇಲ್ಲ ಅಂತ ಹೇಳಿಬಿಡಿ. ನಿಮ್ಮನ್ನು ನಂಬ್ತಾರೆ."

ಹೋದೆ. ಗೇಟಿನ ಕಾವಲಿನ ಅಸ್ಕಾರಿ ಮೇಸ್ತ್ರಿಗಳಿಗೆ ನಮಸ್ಕರಿಸಿ ಬಾಗಿಲು ತೆರೆದ. ತಾನು ಮಾತ್ರ ಹೊಸ್ತಿಲು ದಾಟಲಿಲ್ಲ. ಒಳಗೆ ತಗಡಿನ ಸಂದುಗಳಿಂದ ಬಿಸಿಲು ಬಿದ್ದಿತ್ತು. ಲೇನುಗಳಿದ್ದಲ್ಲಿ ಬರೀ ಸಿಮೆಂಟು, ಧೂಳು, ಪಾರಿವಾಳದ ಹಿಕ್ಕೆ. ಇಬ್ಬರೂ ಒಂದು ಮುರುಕು ಬೆಂಚಿನ ಮೇಲೆ ಕೂತೆವು. ನಾಲ್ಕಾಯಿತು. ಸೂರಿನಲ್ಲಿ ಗುಟುರು ಹಾಕುತ್ತಿದ್ದ ಪಾರಿವಾಳಗಳು ಒಮ್ಮೆಗೇ ಸುಮ್ಮನಾದವು.

ಆಮೇಲೆ ಕೇಳಿತು. ರುಬ್ಬುಗುಂಡನ್ನು ಅಟ್ಟದ ಹಲಗೆಯ ಮೇಲೆ ಯಾರೋ ಮೆಲ್ಲಗೆ ಉರುಳಿಸಿದಂತೆ. ಮರದ ಮೇಲೆ ಉರುಳುವ ಸದ್ದು, ಆದರೆ ಅಲ್ಲಿ ಮರವೇ ಇರಲಿಲ್ಲ. ಅದು ನಮ್ಮ ಮುಂದಿನಿಂದ ದೂರ ಹೋಯಿತು, ನಿಧಾನವಾಗಿ, ಬಹಳ ನಿಧಾನವಾಗಿ. ಕೊನೆಯಲ್ಲಿ ಪಿನ್ನುಗಳು ಬಿದ್ದವು. ನೆಲದ ಧೂಳು ಒಂದಿಷ್ಟೂ ಅಲುಗಲಿಲ್ಲ.

ಮೇಸ್ತ್ರಿಗಳು ನನ್ನ ಕಡೆ ತಿರುಗಿದರು. ಅಂಥ ಆಸೆಯ ಮುಖವನ್ನು ನಾನು ಮತ್ತೆ ನೋಡಿಲ್ಲ.

"ಕೇಳಿತಲ್ಲ ಟೀಚರೇ?"

ಹೌದು ಅಂದರೆ ಅದು ನಿಜವಾಗಿಬಿಡುತ್ತಿತ್ತು. ಆ ನಿಜವನ್ನು ಮನೆಗೆ ಹೊತ್ತುಕೊಂಡು ಹೋಗುವ ಧೈರ್ಯ ನನಗಿರಲಿಲ್ಲ.

"ಇಲ್ಲ ಮೇಸ್ತ್ರಿಗಳೇ. ಏನೂ ಕೇಳಲಿಲ್ಲ."

ನನ್ನ ಮಾತು ಮುಗಿಯುವ ಮೊದಲೇ ಆ ಸದ್ದು ಇನ್ನೊಮ್ಮೆ ಉರುಳಿಕೊಂಡು ಹೋಯಿತು. ಮೇಸ್ತ್ರಿಗಳು ನನ್ನ ಮೇಲಿಂದ ಕಣ್ಣು ತೆಗೆದರು. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, "ಹಾಗಾದರೆ ಹೋಗುವ," ಅಂದರು.

ಮತ್ತೆಂದೂ ಅವರು ಅಲ್ಲಿಗೆ ಹೋಗಲಿಲ್ಲ. ಮಗಳು ಕೊಟ್ಟ ಮಾತ್ರೆಗಳನ್ನು ತಕರಾರಿಲ್ಲದೆ ನುಂಗಿದರು. ಆದರೆ ನಾನು ಅವರ ಮನೆಗೆ ಹೋದಾಗಲೆಲ್ಲ ಒಂದು ವಿಷಯ ಕಾಣುತ್ತಿತ್ತು. ಕುಕ್ಕರ್ ಕೂಗಿದರೆ ಅವರು ಮಗಳ ಮುಖ ನೋಡುತ್ತಿದ್ದರು. ಬಾಗಿಲ ಬೆಲ್ ಆದರೆ, "ಈಗ ಬೆಲ್ ಆಯ್ತಾ? ನಿಜವಾಗಿ ಆಯ್ತಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಏಳುತ್ತಿದ್ದರು. ಯಾರಾದರೂ ಹೆಸರು ಹಿಡಿದು ಕರೆದರೂ ಎರಡನೆಯ ಸಲ ಕರೆಯುವವರೆಗೆ ಓಗೊಡುತ್ತಿರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಆಸ್ಪತ್ರೆ ಸೇರಿದ್ದಾರೆಂದು ತಿಳಿದು ಹೋದಾಗ ಅವರು ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದರು. ಮಗಳು ಔಷಧಿ ತರಲು ಹೊರಗೆ ಹೋದಳು. ನಾನು ಅವರ ಕಿವಿಯ ಹತ್ತಿರ ಬಾಗಿದೆ.

"ಮೇಸ್ತ್ರಿಗಳೇ, ಆವತ್ತು ನಾನು ಸುಳ್ಳು ಹೇಳಿದೆ. ನನಗೂ ಕೇಳಿತ್ತು."

ಅವರು ಮುಖವನ್ನು ನನ್ನ ಕಡೆ ಹೊರಳಿಸಿದರು.

"ಎಷ್ಟು ಸಲ?"

"ಎರಡು ಸಲ."

"ಹೌದು. ಎರಡು ಸಲ," ಎಂದು ಕಣ್ಣು ಮುಚ್ಚಿದರು. ಬಯ್ಯಲಿಲ್ಲ. "ನೀವು ಹೆದರಿದ್ದು ಮಾರಾಯ್ತಿ. ಇರಲಿ," ಅಂದರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ಮಣ್ಣು ಮಾಡಿದ ಮೇಲೆ ಸ್ಮಶಾನದ ಗೇಟಿನ ಹತ್ತಿರ ಮಗಳು ನನ್ನನ್ನು ನಿಲ್ಲಿಸಿದಳು. "ಕೊನೆಯ ದಿನ ಡ್ಯಾಡ್ ತುಂಬಾ ಶಾಂತವಾಗಿದ್ದರು. ನೀವು ಏನು ಹೇಳಿದಿರಿ?"

ಎಲ್ಲವನ್ನೂ ಹೇಳಿದೆ. ಬೈಗುಳ ಬರಲಿ ಎಂದು ತಲೆ ತಗ್ಗಿಸಿ ನಿಂತೆ. ಆಕೆ ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ನಿಮ್ಮನ್ನು ಕಳಿಸುವ ಮೊದಲು ನಾನೊಬ್ಬಳೇ ಹೋಗಿದ್ದೆ, ಆಂಟಿ. ಕೇಳಿದ್ದು ಅಮ್ಮನ ಚೆಂಡೇ. ನನಗೆ ಯಾರಾದರೂ ಒಬ್ಬರು ಇಲ್ಲ ಅನ್ನಬೇಕಿತ್ತು."

ಹೆದರಿದವರು ನಾವಿಬ್ಬರು. ಅದಕ್ಕೆ ಆ ಸತ್ಯವಂತರು ಎರಡು ವರ್ಷ ತಮ್ಮ ಕಿವಿಯನ್ನೇ ನಂಬದೆ ಬದುಕಿದರು.