ಮೊದಲು ಹೈರಾಣಾದವರಿಗೆ ಚಹಾ

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಸಂಜೆ ಮನೆಯೊಳಗೆ ಕಾಲಿಟ್ಟು ಮೊದಲು ಯಾರು ‘ಹೈರಾಣ ಆದೆ’ ಅನ್ನುತ್ತಾರೋ ಅವರಿಗೆ ಚಹಾ. ಎರಡನೆಯವರು ಮಾಡಿಕೊಡಬೇಕು. ಅಪೀಲಿಗೆ ಅವಕಾಶವಿಲ್ಲ.

ನನ್ನ ಗಂಡ ಪುಣೆ ಹತ್ತಿರದ ರಾಂಜಣಗಾಂವದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕಂಪನಿ ಬಸ್ಸು ಅವರನ್ನು ಹಡಪಸರದಲ್ಲಿ ಇಳಿಸುತ್ತದೆ. ನಾನು ಆಫೀಸು ಮುಗಿಸಿ ಸಿಟಿ ಬಸ್ಸಿನಲ್ಲಿ ಜೋತುಬಿದ್ದು ಬರುತ್ತೇನೆ. ಎಷ್ಟೋ ಸಲ ಇಬ್ಬರೂ ಬಿಲ್ಡಿಂಗಿನ ಮೆಟ್ಟಿಲ ಬುಡದಲ್ಲೇ ಎದುರಾಗುತ್ತೇವೆ. ಆಗ ನೋಡಬೇಕು ಮಜಾ. ಹೈರಾಣಾದ ಗಂಡ ಹೆಂಡತಿ ಇಬ್ಬರೂ ಮಹಡಿಯ ಮೇಲೆ ಮಹಡಿ ಓಡುತ್ತಾ ಹತ್ತುತ್ತಾರೆ!

ಪುಣೆಗೆ ಬಂದ ಹೊಸತರಲ್ಲಿ ನನ್ನ ಮರಾಠಿ ಅಷ್ಟಕ್ಕಷ್ಟೇ ಇತ್ತು. ಆಗ ನನ್ನ ಕೈಹಿಡಿದದ್ದು ಈ ಒಂದು ಶಬ್ದ. ನಮ್ಮ ಕಡೆಯೂ ಹೈರಾಣ, ಇಲ್ಲಿಯೂ ಹೈರಾಣ. ರಿಕ್ಷಾದವನು ಟ್ರಾಫಿಕ್ಕಿನಿಂದ ಹೈರಾಣ. ಭಾಜಿ ಮಾರುವವಳು ಚೌಕಾಸಿ ಮಾಡುವ ನಮ್ಮಂಥವರಿಂದ ಹೈರಾಣ. ಪಕ್ಕದ ಮನೆಯ ಕಾಕು ಕೇಬಲ್‌ನವನಿಂದ, ನಮ್ಮ ಬಾಸು ಹೆಡ್ ಆಫೀಸಿನಿಂದ. (ಹೆಡ್ ಆಫೀಸು ಯಾರಿಂದ ಎಂದು ಗೊತ್ತಾಗಿಲ್ಲ.) ಇಡೀ ಊರಿನೊಡನೆ ಸ್ನೇಹ ಬೆಳೆಸಲು ಇಷ್ಟು ಸಾಕಲ್ಲವೇ?

ಮೇಲಿನ ಮಹಡಿಯ ಬೆಂಗಳೂರಿನ ಹುಡುಗಿ ‘ಸುಸ್ತು’ ಅನ್ನುತ್ತಾಳೆ. ನನ್ನ ಲೆಕ್ಕದಲ್ಲಿ ಅದು ಬೇರೆ. ಸುಸ್ತು ಒಂದು ನಿದ್ದೆಗೆ ಹೋಗಿಬಿಡುತ್ತದೆ. ದಣಿವಿಗೆ ಸ್ವಲ್ಪ ಮರ್ಯಾದೆ ಇದೆ, ದುಡಿದವರಿಗೆ ಮಾತ್ರ ಬರುತ್ತದೆ. ಹೈರಾಣ ಹಾಗಲ್ಲ. ಅದಕ್ಕೆ ಮಾಡಿದವರೊಬ್ಬರು ಬೇಕು, ಕೇಳುವವರೊಬ್ಬರು ಬೇಕು.

ನಮ್ಮ ಮನೆಯಲ್ಲಿ ಈ ಶಬ್ದವನ್ನು ಬಾಯಿಗೆ ತರದವರು ಒಬ್ಬರೇ. ನಮ್ಮತ್ತೆ. ಇಂಡಿ ತಾಲೂಕಿನ ಕಡೆಯವರು, ಈಗ ನಮ್ಮ ಜೊತೆಗೇ ಇದ್ದಾರೆ. ಸೀಯಾಳದಂತೆ ಸದಾ ತಣ್ಣಗಿರುವ ಹೆಂಗಸೇನಲ್ಲ. ರೇಗುತ್ತಾರೆ, ಜಗಳಾಡುತ್ತಾರೆ, ಮೊಣಕಾಲು ನೋವೆಂದು ಮುಲಾಮು ತರಿಸುತ್ತಾರೆ. ಆದರೆ ಹೈರಾಣ ಆದೆ ಎಂದದ್ದನ್ನು ನಾನಂತೂ ಕೇಳಿರಲಿಲ್ಲ. ನಮ್ಮ ಚಹಾದ ಪಂದ್ಯವನ್ನು ಕುರ್ಚಿಯ ಮೇಲೆ ಕೂತು, ಮಕ್ಕಳಾಟ ನೋಡಿದ ಹಾಗೆ ನೋಡುತ್ತಿದ್ದರು.

ಅಷ್ಟರಲ್ಲಿ ಈ ವರ್ಷದ ಪಾಲಖಿ ಬಂತು. ಪ್ರತಿವರ್ಷ ಆಳಂದಿಯಿಂದ ವಿಠ್ಠಲನ ಪಂಢರಪುರಕ್ಕೆ ಹೊರಡುವ ಸಂತ ಜ್ಞಾನೇಶ್ವರರ ಪಲ್ಲಕ್ಕಿ ಅದು; ಪುಣೆಯಲ್ಲಿ ತಂಗಿ, ನಮ್ಮ ಹಡಪಸರದ ಮೇಲೆ ಹಾದು, ದಿವೆ ಘಾಟ್ ಹತ್ತಿ ಸಾಸವಡಕ್ಕೆ ಹೋಗುತ್ತದೆ. ಪಂಢರಪುರದ ತನಕ ನಡೆಯಲಾಗದ ಆಫೀಸಿನ ಜನ ಆ ಒಂದು ದಿನ ರಜೆ ಹಾಕಿ ಸಾಸವಡದವರೆಗೆ ನಡೆಯುತ್ತಾರೆ. ಆಮೇಲೆ ವರ್ಷವಿಡೀ ಅದರ ಬಗ್ಗೆ ಮಾತಾಡುತ್ತಾರೆ. ನನ್ನ ಗಂಡ ಅಂಥವರಲ್ಲಿ ಒಬ್ಬರು.

ಈ ವರ್ಷ ನಾನೂ ನಡೆಯುತ್ತೇನೆ ಎಂದು ಅತ್ತೆ ಹಟ ಹಿಡಿದರು. ಅವರ ಊರಿನಿಂದ ಪ್ರತಿವರ್ಷ ಭಜನೆ ಮಾಡುತ್ತಾ ಪಂಢರಪುರಕ್ಕೆ ನಡೆಯುವ ದಿಂಡಿ ಹೋಗುತ್ತಿತ್ತಂತೆ. ಮಾವ ಹೋಗುತ್ತಿದ್ದರು, ಮೈದುನರು ಹೋಗುತ್ತಿದ್ದರು. ಇವರು ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಟ್ಟು ಊರಬಾಗಿಲ ಅಗಸಿಯ ತನಕ ಹೋಗಿ ಕೈಮುಗಿದು ವಾಪಸ್ಸು ಬರುತ್ತಿದ್ದರು. ಒಂದು ದಿನವಾದರೂ ವಿಠ್ಠಲನ ದಾರಿಯಲ್ಲಿ ತಮ್ಮ ಕಾಲಿಂದ ನಡೆಯಬೇಕು. ಅಷ್ಟೇ ಅವರ ಆಸೆ.

ಮಗ ಮೊಣಕಾಲಿನ ಮಾತೆತ್ತಿದರು, ಬಿಪಿಯ ಮಾತೆತ್ತಿದರು. ಡಾಕ್ಟರು ನಿಧಾನವಾಗಿ ನಡೆಯಲಿ ಬಿಡಿ ಎಂದುಬಿಟ್ಟ ಮೇಲೆ ಒಂದು ಕರಾರು ಹಾಕಿದರು.

“ಅವ್ವಾ, ಹೈರಾಣ ಆದೆ ಅಂತ ಎಲ್ಲಿ ಅಂತೀಯೋ, ಅಲ್ಲಿಂದ ಹಿಂದಕ್ಕ ಮನಿಗೆ. ಒಪ್ಪಿಗೀನ?”

“ಒಪ್ಪಿಗಿ,” ಎಂದರು ಅತ್ತೆ. (ಆ ದಿನ ಘಾಟಿನಲ್ಲಿ ವಾಹನ ಬಂದ್; ನಡುವೆ ಹಾಗೆ ಅಂದುಬಿಟ್ಟರೆ ಇಳಿಯುವುದೂ ನಡೆದೇ ಎಂಬುದು ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿದ ಮಗನಿಗೆ ಹೊಳೆಯಲಿಲ್ಲ.)

ಬೆಳಿಗ್ಗೆ ಮೂವರೂ ಹೊರಟೆವು. ತಾಳ, ಮೃದಂಗ, ಸಣ್ಣ ಜಿಟಿಜಿಟಿ ಮಳೆ, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು. ಅತ್ತೆಯ ಕಾಲಲ್ಲಿ ಹಳೆಯ ಚಪ್ಪಲಿ. ಮಗನ ಕಾಲಲ್ಲಿ ಇದಕ್ಕೆಂದೇ ಕೊಂಡ ಹೊಸ ಸ್ಪೋರ್ಟ್ಸ್ ಶೂ. ಘಾಟಿನ ಬುಡ ಮುಟ್ಟುವ ತನಕ ಅತ್ತೆ ನನಗಿಂತ ಮುಂದಿದ್ದರು.

ಏರು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅತ್ತೆಗೆ ಇದ್ದಕ್ಕಿದ್ದಂತೆ ನಿಸರ್ಗದ ಮೇಲೆ ಪ್ರೀತಿ ಬಂತು. ಪ್ರತಿ ತಿರುವಿನಲ್ಲೂ ನಿಂತು ಕೆಳಗಿನ ಕೆರೆ ನೋಡತೊಡಗಿದರು. ಎಷ್ಟು ಛಂದ ಅದ ನೋಡು, ಎಂದು ನನಗೂ ತೋರಿಸಿದರು. ಅದೇ ಕೆರೆ, ಅದೇ ನೀರು. ಅತ್ತ ಮಗನ ಶೂ ಲೇಸು ಪ್ರತಿ ತಿರುವಿನಲ್ಲೂ ಬಿಚ್ಚಿಕೊಳ್ಳತೊಡಗಿತು. ಹೊಸ ಶೂ ಹಿಮ್ಮಡಿ ಕಚ್ಚಿತ್ತು. ತಾಯಿಯೇ ಹೇಳದ ಮಾತನ್ನು ಮಗ ಹೇಗೆ ಹೇಳುವುದು? ಹೇಳಿದರೆ ಮನೆಯಲ್ಲಿ ಮಾನ ಉಳಿದೀತೇ?

ಮೊದಮೊದಲು ನನಗೆ ನಗು. ಆಮೇಲೆ ಅತ್ತೆಯ ಮುಖ ನೋಡಿದೆ. ತುಟಿ ಒಣಗಿತ್ತು. ಒಂದು ಕೈ ಮೊಣಕಾಲಿನ ಮೇಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, ಅವನಿಗೆ ಏನೂ ಹೇಳಬ್ಯಾಡ, ಎಂದು ಪಿಸುಗುಟ್ಟಿದರು. ನನಗೆ ಹೆದರಿಕೆಯಾಯಿತು. ಹೇಳಿದರೆ ಅವರ ಆಸೆ ಅಲ್ಲೇ ಮುಗಿಯುತ್ತದೆ. ಹೇಳದಿದ್ದರೆ ಏನಾಗುತ್ತದೋ!

ಕರಾರು ಇದ್ದದ್ದು ಅತ್ತೆಗೆ ಮಾತ್ರ. ನನಗೇನಿತ್ತು?

ರಸ್ತೆಯ ಬದಿಯ ಕಟ್ಟೆಯ ಮೇಲೆ ಧೊಪ್ಪೆಂದು ಕೂತೆ. ನಾ ಹೈರಾಣ ಆದೆ, ಇನ್ನ ಒಂದು ಹೆಜ್ಜಿ ಆಗೂದಿಲ್ಲ, ಎಂದೆ.

ನನ್ನ ಗಂಡ ನನಗಿಂತ ಚೆನ್ನಾಗಿ ಕೂತರು. ಶೂ ಎರಡೂ ಬಿಚ್ಚಿದರು. ಅತ್ತೆ ನನ್ನ ಪಕ್ಕ ಕೂತು, ಚೀಲದಿಂದ ನೀರು ತೆಗೆದು ಮೊದಲು ನನಗೆ ಕೊಟ್ಟರು. ಆಮೇಲೆ ನನ್ನ ಕಾಲನ್ನೇ ಎಳೆದುಕೊಂಡು ಒತ್ತತೊಡಗಿದರು. ಅಷ್ಟು ಜನರೆದುರು ಅತ್ತೆಯಿಂದ ಕಾಲು ಒತ್ತಿಸಿಕೊಳ್ಳುವ ಸೊಸೆ! ಗಾಬರಿಯಲ್ಲಿ ಕಾಲು ಹಿಂದಕ್ಕೆಳೆದುಕೊಂಡು ಕೇಳಿಯೇಬಿಟ್ಟೆ, ನಿಮಗ ಎಂದೂ ಹೈರಾಣ ಆಗೂದೇ ಇಲ್ಲೇನ್ರಿ ಅತ್ತ್ಯಾರ?

“ಆಗದ ಏನವಾ? ಮನಿ ತುಂಬ ಮಂದಿ. ರೊಟ್ಟಿ ಬಡದು ಬಡದು ಕೈ ಸೋತಿರತಿದ್ದುವು. ಆದರ ಹೈರಾಣ ಆದೆ ಅಂದ್ರ ಕೇಳಾವ್ರು ಯಾರಿದ್ರು? ಹಿಂಗಾಗಿ ರೂಢೀನ ಆಗಲಿಲ್ಲ.”

ದೂರಿನ ದನಿಯೇ ಅಲ್ಲ. ಅಂಗಡಿಯಲ್ಲಿ ಒಂದು ಸಾಮಾನು ಸಿಗಲಿಲ್ಲ ಅಂದಂತೆ ಹೇಳಿದರು. ನನ್ನ ಗಂಡ ತಲೆ ಎತ್ತಲಿಲ್ಲ. ಬಿಚ್ಚಿಟ್ಟ ಶೂಗೆ ಲೇಸು ಕಟ್ಟುತ್ತಾ ಕೂತರು.

ಚೆನ್ನಾಗಿ ಕೂತು, ಬುತ್ತಿ ಬಿಚ್ಚಿ ಉಂಡು, ಎದ್ದೆವು. ಆಮೇಲೆ ಅತ್ತೆಯ ಮುಖ ಬಾಡಿದಾಗೆಲ್ಲ ನಾನು ಹೈರಾಣಾದೆ, ಕೂತೆವು, ಎದ್ದೆವು. ದಿನವಿಳಿಯುವ ಮೊದಲು ಸಾಸವಡ ಮುಟ್ಟಿದೆವು. ದೂರದಿಂದಲೇ ಪಾಲಖಿಗೆ ಕೈಮುಗಿದು ನಿಂತ ಅತ್ತೆ ಅತ್ತದ್ದನ್ನು ನಾನು ನೋಡಿದೆ. ನೋಡದವಳಂತೆ ಇದ್ದೆ.

ಅಲ್ಲೇ ನನ್ನ ಗಂಡನ ಗೆಳೆಯರ ಮನೆಯಲ್ಲಿ ಉಳಿದೆವು. ಅವರಿಗೆ ತಾಯಿ ಮಗ ಇಬ್ಬರೂ ಹೇಳಿದ್ದು ಒಂದೇ ಕಥೆ. ನಾವು ಆರಾಮ ಬರತಿದ್ವಿ, ಈಕಿ ಭಾಳ ನಾಜೂಕ ನೋಡ್ರಿ, ಘಾಟಿನ್ಯಾಗ ಹೈರಾಣ ಆಗಿಬಿಟ್ಟಳು. ನಾನು ನಾಜೂಕಾಗಿ ನಕ್ಕೆ.

ಮರುದಿನ ಮಧ್ಯಾಹ್ನ ಬಸ್ಸಿನಲ್ಲಿ ಮನೆಗೆ ಮರಳಿದೆವು. ಮೆಟ್ಟಿಲು ಹತ್ತಿ ಬೀಗ ತೆಗೆದದ್ದೇ ತಡ, ರೂಢಿಯಂತೆ ಗಂಡ, ನಾನು ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು. ಅಷ್ಟರಲ್ಲಿ ಅತ್ತೆ ನಮ್ಮಿಬ್ಬರ ನಡುವೆ ನುಗ್ಗಿ ಒಳಗೆ ಹೋಗಿ, ಕುರ್ಚಿಯ ಮೇಲೆ ಕೂತು ಕಾಲು ಚಾಚಿದರು.

“ಯವ್ವಾ, ನಾ ಭಾಳ ಹೈರಾಣ ಆದ್ನೆವ್ವಾ.”

ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟೆವು. ನನ್ನ ಗಂಡ ಶೂ ಬಿಚ್ಚುವುದನ್ನೂ ಮರೆತು ಅಡಿಗೆಮನೆಗೆ ಓಡಿದರು. ಹಿಂದಿನಿಂದ ನಾನು ಓಡಿದೆ. ಒಂದು ಕಪ್ ಚಹಾಕ್ಕೆ ಇಬ್ಬರು.

ನಿಮ್ಮ ಮನೆಯಲ್ಲಿ ಈ ಮಾತನ್ನು ಇನ್ನೂ ಒಂದು ಸಲವೂ ಆಡದವರು ಯಾರಿದ್ದಾರೆ?