ಬರ್ರಿ ಎನ್ನುವ ಬಾಗಿಲು

ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಎದುರು ಸಂಜೆ ಮೆಕ್ಕೆಜೋಳ ಸುಡುವ ತಳ್ಳುಬಂಡಿ ನಿಲ್ಲುತ್ತದೆ. ಮೊನ್ನೆ ಆಫೀಸಿನಿಂದ ಬರುವಾಗ ಆ ವಾಸನೆ ಮೂಗಿಗೆ ಬಡಿಯಿತು, ಜೀಡಿಮೆಟ್ಲಾದ ಸಿಸ್ಟರ್ ನೆನಪಾದರು. ಒಂದು ತೆನೆ ಕೊಂಡೆ. ತಿನ್ನಲಾಗಲಿಲ್ಲ...

ಅವರೂ ನಮ್ಮ ಹಾಗೆ ಬೀದರ್ ಕಡೆಯಿಂದ ಈ ಊರಿಗೆ ಬಂದವರು. ಕಾರ್ಖಾನೆಗಳ ನಡುವಿನ ಜೀಡಿಮೆಟ್ಲಾದಲ್ಲಿ, ನಮ್ಮ ಗಲ್ಲಿಯ ತುದಿಯಲ್ಲಿ, ಮಿಷನ್ನಿನವರ ಸಣ್ಣ ದವಾಖಾನೆಯಿತ್ತು. ಅಲ್ಲಿ ನರ್ಸ್ ಆಗಿದ್ದ ಕ್ರೈಸ್ತ ಸನ್ಯಾಸಿನಿ. ಅಪ್ಪ ಔಷಧದ ಕಂಪನಿಯಲ್ಲಿ ಡ್ರಮ್ ತೊಳೆಯುತ್ತಿದ್ದ. ಮನೆಯಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ದವಾಖಾನೆ ಮುಚ್ಚಿದ ಮೇಲೆ ಸಿಸ್ಟರ್ ಅದರ ಕಟ್ಟೆಯ ಮೇಲೆ ನನಗೆ ಗಣಿತ ಹೇಳಿಕೊಡುತ್ತಿದ್ದರು. ಯಾರು ಬಂದರೂ ಬಾಗಿಲಿಗೆ ಎದ್ದು ಬಂದು "ಬರ್ರಿ, ಕೂಡ್ರಿ" ಅನ್ನುವರು. ಕುಡಿದು ಬಂದವನಿಗೂ ಅದೇ, ನನಗೂ ಅದೇ. ಪಾಠಕ್ಕೆ ಕೂತ ಮೇಲೆ ನನ್ನನ್ನು 'ನೀನು' ಅನ್ನುವರು. ಬಾಗಿಲಲ್ಲಿ ಮಾತ್ರ 'ನೀವು'. ಅದಕ್ಕೆ ಮೊದಲು ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ.

ಅಪ್ಪನಿಗೆ ಅನುಮಾನ. ಒಂದು ದಿನ ಕೇಳಿಯೇಬಿಟ್ಟ, "ನಮ್ಮ ಹುಡುಗಿನ್ನ ನಿಮ್ಮೊಳಗ ಸೇರಿಸ್ಕೊಳ್ಳಾಕತ್ತೀರೇನ್ರಿ?"

"ಮೊದಲ ಕಾಲೇಜಿಗೆ ಸೇರಸೂಣ್ರಿ," ಅಂದರು ಸಿಸ್ಟರ್. ಅಪ್ಪ ನಕ್ಕುಬಿಟ್ಟ. ನಾವು ನಮ್ಮ ದೇವರಿಗೇ ಕೈಮುಗಿಯುತ್ತ ಇದ್ದೆವು. ಅವರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಾನು ಡಿಗ್ರಿಯ ಮೊದಲ ವರ್ಷದಲ್ಲಿದ್ದಾಗ ಅವರನ್ನು ಮಿಷನ್ನಿನವರು ಬೊಲಿವಿಯಾಕ್ಕೆ ಕಳಿಸಿದರು. ದಕ್ಷಿಣ ಅಮೆರಿಕದ ನಕಾಶೆಯಲ್ಲಿ ಆ ದೇಶವನ್ನು ಅವರೇ ಬೆರಳಿಟ್ಟು ತೋರಿಸಿದರು. "ಅಲ್ಲಿ ಮಂದಿ ತಮ್ಮ ಕಾಲ ಮ್ಯಾಲೆ ನಿಂತರ ಬಂದಬಿಡ್ತೀನಿ. ನೀ ಡಿಗ್ರಿ ತಗೊಳ್ಳೋ ದಿನ ನಾ ಮುಂದಿನ ಸಾಲಿನ್ಯಾಗ ಇರ್ತೀನಿ."

ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬೆಳಗು. ಆಗ ಫೋನ್ ಮಾಡುವರು. ಅವರಿದ್ದ ಜಾಗ ಗುಡ್ಡದ ಹಳ್ಳಿಗಳಿಂದ ಕೂಲಿಗೆ ಬಂದವರು ಮನೆ ಕಟ್ಟಿಕೊಂಡ ಬಸ್ತಿಯಂತೆ. "ಇದೂ ಜೀಡಿಮೆಟ್ಲಾನ ಐತಿ, ಕಂಪನಿ ವಾಸನಿ ಒಂದ ಇಲ್ಲ ನೋಡು." ಮೊದಲು ಒಬ್ಬ ಮುದುಕಿಯ ಅಂಗಳದಲ್ಲಿ ಪ್ರಾರ್ಥನೆ. ಸಿಸ್ಟರ್ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುವುದನ್ನು ನೋಡಲೆಂದೇ ಹೆಂಗಸರು ಬಂದರಂತೆ, ರೊಟ್ಟಿ ಹರಿದಾಗ ಬಿದ್ದು ಬಿದ್ದು ನಕ್ಕರಂತೆ, ಮುಂದಿನ ಭಾನುವಾರ ಗಂಡ ಮಕ್ಕಳನ್ನೂ ಕರೆತಂದರಂತೆ. ಅಂಗಳ ಸಾಲದೆ ತಗಡಿನ ಚಪ್ಪರ ಹಾಕಿದರು. ಆಮೇಲೆ ಮನೆಮನೆಯವರೂ ಮಣ್ಣಿನ ಇಟ್ಟಿಗೆ ಹೊತ್ತು ತಂದು ಚರ್ಚಿನ ಗೋಡೆ ಎಬ್ಬಿಸಿದರು. ಅಷ್ಟರಲ್ಲಿ ಪಕ್ಕದ ಬಸ್ತಿಯವರೂ ಕರೆದರು...

ಅವರ ದನಿಯ ತುಂಬ ಹಿಗ್ಗು. "ಭಾಳ ಚಲೋ ಆತ್ರಿ ಸಿಸ್ಟರ್," ಅನ್ನುತ್ತಿದ್ದೆ. ಫೋನ್ ಇಟ್ಟ ಮೇಲೆ ಮನಸ್ಸು ಕುಗ್ಗುತ್ತಿತ್ತು. ಅಲ್ಲಿ ಜನ ಹೆಚ್ಚಿದಷ್ಟೂ ಅವರು ಬರುವುದು ಮುಂದಕ್ಕೆ ಹೋಗುತ್ತಿತ್ತು.

ಡಿಗ್ರಿಯ ದಿನ ಅವರು ಬರಲಿಲ್ಲ. ಅದೇ ವಾರ ಪಕ್ಕದ ಬಸ್ತಿಯಲ್ಲಿ ಹೊಸ ಚರ್ಚಿಗೆ ಪಾಯ ಹಾಕುವುದಿತ್ತು. ಅಪ್ಪ, ಅವ್ವ ಮುಂದೆ ಬರಲು ಅಂಜಿ ಹಿಂದಿನ ಸಾಲಿನಲ್ಲೇ ಕೂತರು. ನಮ್ಮ ವಂಶದಲ್ಲಿ ಅದು ಮೊದಲ ಡಿಗ್ರಿ; ಆ ಹೆಮ್ಮೆ ನನಗೆ ಇಂದಿಗೂ ಇದೆ. ಕರಿ ಗೌನು ತೊಟ್ಟು ವೇದಿಕೆ ಹತ್ತಿದವಳು ಮುಂದಿನ ಸಾಲನ್ನೇ ನೋಡಿದೆ. ಯಾರ್ಯಾರೋ ಕೂತಿದ್ದರು.

"ಮುಂದಿನ ವರ್ಷ ಬರ್ತೀನಿ, ಯವ್ವಾ," ಅಂದರು ಸಿಸ್ಟರ್ ಫೋನಿನಲ್ಲಿ. ಆ ವರ್ಷ ಜ್ವರ ಬಂದು ಅಲ್ಲಿಯೇ ತೀರಿಕೊಂಡರು. ಚರ್ಚಿನ ಹಿತ್ತಲಲ್ಲೇ ಮಣ್ಣು ಮಾಡಿದರಂತೆ...

ಕೆಲವು ತಿಂಗಳ ಮೇಲೆ ಅವರದೇ ನಂಬರಿನಿಂದ ಒಂದು ವಿಡಿಯೊ ಬಂತು. ಅಲ್ಲಿಯವರು ಯಾರೋ ಕಳಿಸಿದ್ದು. ಚರ್ಚು ತುಂಬಿ ಹೊರಗೂ ಜನ ನಿಂತಿದ್ದಾರೆ. ಬಾಗಿಲಲ್ಲಿ ಎರಡು ಜಡೆಯ ಮುದುಕಿಯೊಬ್ಬಳು ಬಂದ ಒಬ್ಬೊಬ್ಬರಿಗೂ ಕನ್ನಡದಲ್ಲೇ ಹೇಳುತ್ತಾಳೆ: "ಬರ್ರಿ, ಕೂಡ್ರಿ."

ಜೀಡಿಮೆಟ್ಲಾದ ದವಾಖಾನೆ ಈಗ ಗೋದಾಮು. ಅಪ್ಪ, ಅವ್ವ ಇಬ್ಬರೂ ತೀರಿಹೋದರು. ಇಲ್ಲಿ ಅಕ್ಕಪಕ್ಕದವರಿಗೆ ನಾನೊಂದು ಫ್ಲಾಟಿನ ನಂಬರು. ಮೊನ್ನೆ ತೆನೆ ಹಿಡಿದುಕೊಂಡೇ ಬೀಗ ತೆಗೆದೆ. ಒಳಗೆ ಕತ್ತಲು. ಹೊಸ್ತಿಲಲ್ಲಿ ನಿಂತು ಆ ವಿಡಿಯೊ ಹಾಕಿದೆ. ಮುದುಕಿ ಕರೆದ ಮೇಲೆ ಒಳಗೆ ಹೋಗಿ ಕೂತೆ.